ಹಲ್ಮಿಡಿಗೆ ಹೋಗುವವರಿಗೆ, ಬೇಲೂರಿನಲ್ಲಿ ಆಟೊ ಹತ್ತುವ ಮೊದಲು

ಹಲ್ಮಿಡಿಯ ಮಂಟಪದಲ್ಲಿರುವುದು ಅಲ್ಲಿ ಸಿಕ್ಕ ಹಳೆಯ ಕನ್ನಡ ಶಾಸನದ ಫೈಬರ್ ಪ್ರತಿಕೃತಿ. ಮೂಲ ಕಲ್ಲು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆಟೊಗೆ ಅಷ್ಟು ದುಡ್ಡು ಸುರಿಯುತ್ತಿರಲಿಲ್ಲ. ಹೋಗಿಬರಲು 700 ರೂಪಾಯಿ ಎಂದು ಒಪ್ಪಿದವನು, ಅಲ್ಲಿಗೆ ತಲುಪಿದ ಮೇಲೆ ಕಾದದ್ದಕ್ಕೆ ಬೇರೆ, ಖಾಲಿ ವಾಪಸು ಬರುವುದಕ್ಕೆ ಬೇರೆ ಎಂದು ಲೆಕ್ಕ ತೆಗೆದ. ಹಿಂದೆ ನಾನೇ ಕೂತಿರುವಾಗ ಆಟೊ ಖಾಲಿ ಹೇಗಾಯಿತು ಎಂದೆ. ಉತ್ತರವಾಗಿ ಹಾಡಿನ ಸದ್ದು ಏರಿಸಿದ. 1,100 ಕೊಟ್ಟೆ. ಕಾಯುವ ದುಡ್ಡೂ ಸೇರಿ ಎಷ್ಟೆಂದು ಹತ್ತುವ ಮೊದಲೇ ಬಾಯಿಬಿಡಿಸಿ.

ಹಾಗೆಂದು ಹೋಗಬೇಡಿ ಎನ್ನುವುದಿಲ್ಲ. 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಆ 16 ಸಾಲುಗಳಲ್ಲಿ ಊರಿನ ಹೆಸರು ‘ಪಲ್ಮಿಡಿ’ ಎಂದಿದೆ. ಹಳಗನ್ನಡದ ‘ಪಾಲು’ ಇಂದು ‘ಹಾಲು’ ಆದ ಹಾಗೆ ಪಲ್ಮಿಡಿ ಹಲ್ಮಿಡಿಯಾಗಿದೆ. ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ಈ ಊರನ್ನೂ ಮೂಳಿವಳ್ಳಿಯನ್ನೂ ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆಯುವ ದತ್ತಿ, ಎಂದು ಬಿಟ್ಟುಕೊಟ್ಟರಂತೆ. ಅದೇ ಊರಿನಲ್ಲಿ ನಿಂತು ಅದನ್ನು ಓದುವಾಗ ಫೈಬರ್ ಮರೆತುಹೋಗುತ್ತದೆ.

ಬೇಲೂರಿನ ದೇವಸ್ಥಾನದ ವಿಷಯ ನನ್ನನ್ನು ಕೇಳಬೇಡಿ. ಹೋದದ್ದು ಭಾನುವಾರ, ನನಗೆ ಜಂಗುಳಿ ಆಗದು. ಗೋಪುರ ನೋಡಿ ತಿರುಗಿದೆ. ಆದರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೋರ್ಡಿಲ್ಲದ ಒಂದು ಹೋಟೆಲ್ ಇದೆ, ನಾಲ್ಕೇ ಬೆಂಚು. ಅಕ್ಕಿರೊಟ್ಟಿಯನ್ನು ಬಾಳೆಲೆಯ ಮೇಲೆ ತಟ್ಟಿ, ಎಲೆಸಮೇತ ಕಾವಲಿಗೆ ಮಗುಚಿ, ಎಲೆ ಬಾಡಿದ ಮೇಲೆ ಸುಲಿದು ತೆಗೆಯುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಕಪ್ಪನೆಯ ಹುಚ್ಚೆಳ್ಳು ಚಟ್ನಿ, ಮೇಲೊಂದು ಬೆಣ್ಣೆಯ ಉಂಡೆ. ಎರಡು ರೊಟ್ಟಿ, ಒಂದು ಕಾಫಿಗೆ 70 ರೂಪಾಯಿ. ಮೂರನೆಯದು ಕೇಳುವಷ್ಟರಲ್ಲಿ ಹಿಟ್ಟು ಮುಗಿದಿತ್ತು. ಒಂಬತ್ತರೊಳಗೆ ಹೋಗಿ.

ಮರುದಿನ ಬಾಡಿಗೆ ಬೈಕಿನಲ್ಲಿ ಹಳೇಬೀಡಿನ ಕಡೆ ಹೊರಟೆ. ದಾರಿಯಲ್ಲಿ ಅರಳಿಕಟ್ಟೆಯ ಪಕ್ಕ ಒಂದು ವೀರಗಲ್ಲು, ಅಂದರೆ ಕಾಳಗದಲ್ಲಿ ಮಡಿದವನ ನೆನಪಿಗೆ ನೆಟ್ಟ ಕಲ್ಲು, ಅದರ ಕೊರಳಿಗೆ ಎಮ್ಮೆಯ ಹಗ್ಗ. ಇಂಥ ಕಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಇಲ್ಲಿ ಮೇಲಿನ ಎರಡೇ ಕಂಡವು. ಕಲ್ಲು ಹೂತುಹೋಗಿದೆಯೇ ಎಂದು ಕಟ್ಟೆಯ ಮೇಲಿದ್ದ ಅಜ್ಜಿಯನ್ನು ಕೇಳಿದೆ. “ಕಲ್ಲು ಇಳಿದಿಲ್ಲಪ್ಪ, ರಸ್ತೆ ಏರಿದೆ” ಎಂದರು. ಆ ವೀರ ಯಾರೊಡನೆ ಕಾದಿದ ಎಂಬ ಭಾಗ ಡಾಂಬರಿನ ಕೆಳಗಿದೆ.

ಇಂಥವನ್ನು ನೋಡಲು ಮಧ್ಯಾಹ್ನ ಹೋಗಬೇಡಿ, ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣದು. ಸಂಜೆ ಐದರ ಓರೆ ಬೆಳಕು ಒಳ್ಳೆಯದು. ತಪ್ಪಿದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಅಕ್ಷರದ ಮೇಲೆ ಸೀಮೆಸುಣ್ಣ ಮಾತ್ರ ಉಜ್ಜಬೇಡಿ.