ಪೇರಲ ಕೊಂಬೆಯಲ್ಲಿ ನೊರೆಗೂಡು

ಜೂನ್ ಎರಡನೇ ವಾರ. ಮಳೆ ಹಿಡಿದು ಐದು ದಿನ ಆಗಿತ್ತು. ಬೆಳಿಗ್ಗೆ ಬಟ್ಟೆ ಒಗೆಯೋಣ ಅಂತ ಹಿತ್ತಲಿಗೆ ಹೋದೆ. ತೊಟ್ಟಿಯ ಮೇಲೆ ಬಾಗಿರುವ ಪೇರಲ ಕೊಂಬೆಗೆ ಮುಷ್ಟಿಗಾತ್ರದ ಬಿಳಿ ನೊರೆ ಅಂಟಿಕೊಂಡಿತ್ತು. ನಿನ್ನೆಯ ಸೋಪಿನ ನೊರೆ ಇರಬೇಕು ಅಂದುಕೊಂಡು ಕೈ ಚಾಚಿದೆ. ಪಕ್ಕದ ಎಲೆ ಕಣ್ಣು ಬಿಟ್ಟಿತು!

ಎಲೆಯಲ್ಲ, ಕಪ್ಪೆ. ಅಂಗೈಯಷ್ಟು ದೊಡ್ಡದು, ಎಳೆ ಬಾಳೆಎಲೆಯ ಹಸಿರು. ಒಂದು ಕಾಲು ಮುಂದಿಟ್ಟಾಗ ಬೆರಳುಗಳ ನಡುವಿನ ತೊಗಲು ಕಾಣಿಸಿತು. ಕುಂಕುಮಕ್ಕೆ ಅರಿಶಿನ ಬೆರೆಸಿದ ಹಾಗೆ ಕೆಂಪು. ಮಲಬಾರ್ ಹಾರುವ ಕಪ್ಪೆ ಇದು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹಾರೋದು ಅಂದರೆ ಹಕ್ಕಿಯ ಹಾಗಲ್ಲ. ಎತ್ತರದ ಕೊಂಬೆಯಿಂದ ಜಿಗಿದು, ಆ ತೊಗಲನ್ನು ಅಗಲಿಸಿ ಗಾಳಿಯಲ್ಲಿ ತೇಲಿ ಇಳಿಯುತ್ತದೆ.

ನಮ್ಮ ಮನೆ ಇರೋದು ಗೋವಾದ ಸತ್ತರಿ ತಾಲೂಕಿನಲ್ಲಿ, ವಾಳಪೈಯಿಂದ ಇನ್ನೂ ಒಳಗೆ. ನಮ್ಮನೆಯವರು ವಾಸ್ಕೋದಲ್ಲಿ ಕೆಲಸದಿಂದ ನಿವೃತ್ತರಾದ ಮೇಲೆ ಇಲ್ಲಿಗೆ ಬಂದೆವು. ಆಚೆ ಮಹದಾಯಿ ಅಭಯಾರಣ್ಯ. 1999ರಲ್ಲಿ ಘೋಷಣೆಯಾದ, ಸುಮಾರು 208 ಚದರ ಕಿಲೋಮೀಟರ್ ಕಾಡು. ಕೆಂದಳಿಲು, ಮಂಗಟ್ಟೆ ನಮಗೆ ದಿನಾ ಕಾಣುತ್ತವೆ. ಕಾಡುಕೋಣ ಒಮ್ಮೆ ಬೇಲಿವರೆಗೂ ಬಂದಿತ್ತು. ಆದರೆ ಈ ಮಳೆಗಾಲ ಪೂರ್ತಿ ನನ್ನ ಕಣ್ಣೆಲ್ಲ ಆ ತೊಟ್ಟಿಯ ಮೇಲೇ.

ಹೆಣ್ಣು ಕಪ್ಪೆ ಮೊಟ್ಟೆಯ ಜೊತೆ ಒಂದು ಲೋಳೆ ಬಿಡುತ್ತದೆ. ಅದನ್ನು ಹಿಂಗಾಲಿನಿಂದ ಕಡೆದು ಕಡೆದು ನೊರೆ ಮಾಡುತ್ತದೆ. ಮೇಲ್ಭಾಗ ಒಣಗಿ ಸಿಪ್ಪೆಯಾಗುತ್ತದೆ, ಒಳಗೆ ತೇವ ಹಾಗೇ ಉಳಿಯುತ್ತದೆ. ದಿನಾ ಸ್ಟೂಲ್ ಹಾಕಿಕೊಂಡು ಹತ್ತಿ ನೋಡುತ್ತಿದ್ದೆ. ಮೊದಲು ಸಾಬುದಾನಿಗಿಂತ ಸಣ್ಣ ತಿಳಿ ಹಳದಿ ಕಾಳು. ಆರನೇ ದಿನ ಟಾರ್ಚ್ ಹಿಡಿದರೆ ಒಳಗೆಲ್ಲ ಜೋಡಿ ಜೋಡಿ ಕಪ್ಪು ಚುಕ್ಕೆ, ಕಣ್ಣುಗಳು! ಎಂಟನೇ ದಿನ ರಾತ್ರಿ ಜಡಿಮಳೆ. ನೊರೆಯ ಕೆಳಭಾಗ ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ತೊಟ್ಟಿಗೆ ಬಿದ್ದವು. ಕೊಡೆ ಹಿಡಿದು ಅರ್ಧ ಗಂಟೆ ನಿಂತಿದ್ದೆ. ಒಂದು ಎಲೆಯ ತುದಿಗೆ ಸಿಕ್ಕಿಕೊಂಡು ಬಾಲ ಬಡಿಯುತ್ತಿತ್ತು. ಮುಂದಿನ ಹನಿ ಅದನ್ನೂ ಕೆಳಗೆ ತಳ್ಳಿತು.

ಅದಾದ ಮೂರನೇ ದಿನ ಡೆಂಗಿ ತಪಾಸಣೆಯವರು ಬಂದರು. ತೊಟ್ಟಿ ನೋಡಿ, "ನೀರು ಚೆಲ್ಲಿಬಿಡಿ, ಇಲ್ಲಾಂದ್ರೆ ಗಪ್ಪಿ ಮೀನು ಬಿಡ್ತೀವಿ" ಅಂದರು. ಅವರ ಮಾತು ತಪ್ಪಲ್ಲ. ಹೋದ ವರ್ಷ ನಮ್ಮನೆಯವರೇ ಡೆಂಗಿ ಬಂದು ಎಂಟು ದಿನ ಮಲಗಿದ್ದರು. ಆದರೆ ಗಪ್ಪಿ ಬಿಟ್ಟರೆ ಸೊಳ್ಳೆಮರಿಯ ಜೊತೆ ಈ ಮರಿಗಳನ್ನೂ ತಿಂದುಬಿಡುತ್ತೆ ಅಲ್ವಾ? ಸೊಳ್ಳೆಯ ಮೊಟ್ಟೆ ಬಲಿತು ಹಾರೋಕೆ ವಾರ ಹತ್ತು ದಿನ ಬೇಕು. ದಿನಾ ನಾನೇ ಸೊಳ್ಳೆಮರಿ ತೆಗೀತೀನಿ, ಮುಂದಿನ ವಾರ ಬಂದು ನೋಡಿ ಅಂದೆ. ಒಪ್ಪಿದರು.

ಹಳೇ ಕಾಟನ್ ಸೀರೆಯ ತುಂಡನ್ನು ತಂತಿಗೆ ಹೊಲಿದು ಜಾಲರಿ ಮಾಡಿಕೊಂಡೆ. ಸೊಳ್ಳೆಮರಿಗಳು ನೀರಿನ ಮೇಲ್ಗಡೆ ತಲೆಕೆಳಗಾಗಿ ನೇತಾಡುತ್ತವೆ. ನಮ್ಮ ನೆರಳು ಬಿದ್ದರೆ ಸರ್ರನೆ ತಳಕ್ಕೆ ಇಳಿಯುತ್ತವೆ. ಅದಕ್ಕೆ ನೆರಳು ನೀರಿಗೆ ಬೀಳದ ಕಡೆ ನಿಂತು, ಮೇಲ್ಮೈಯನ್ನಷ್ಟೇ ಸವರಿ ಎತ್ತಬೇಕು. ಅಕಸ್ಮಾತ್ ಗೊದಮೊಟ್ಟೆ ಸಿಕ್ಕರೆ ತಕ್ಷಣ ವಾಪಸ್. ಬಟ್ಟೆ ಒಗೆಯೋದು ಈಗ ಬಚ್ಚಲಲ್ಲೇ. ಸೋಪಿನ ಒಂದು ಹನಿಯೂ ಇತ್ತ ಬರಬಾರದು. ಮುಂದಿನ ವಾರ ಬಂದವರು ಟಾರ್ಚ್ ಹಾಕಿ ನೋಡಿದರು. ಒಂದೂ ಸೊಳ್ಳೆಮರಿ ಸಿಗಲಿಲ್ಲ. ಗೊದಮೊಟ್ಟೆಗಳನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋದರು.

ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ತೊಟ್ಟಿ ನೋಡೋಕೆ ಬಂದಿದ್ದರು. "ಬಾಯ್, ಮೊದಲು ಗದ್ದೆಯಲ್ಲಿ ಬೆಬೊಗಳ ಕೂಗಿಗೆ ನಿದ್ದೆ ಬರ್ತಿರಲಿಲ್ಲ" ಅಂದರು. ಕಪ್ಪೆಗೆ ಇಲ್ಲಿ ಬೆಬೊ ಅಂತಾರೆ. ಅವರು ಹೇಳಿದ್ದು ಗದ್ದೆಯ ಗೂಳಿಗಪ್ಪೆಯ ಮಾತು. ಮೊದಲ ಮಳೆಗೆ ಗಂಡುಗಳು ಅರಿಶಿನ ಬಳಿದ ಹಾಗೆ ಹಳದಿಯಾಗಿ, ಗಂಟಲ ಎರಡೂ ಕಡೆ ನೀಲಿ ಚೀಲ ಊದಿಸಿ ಕೂಗುತ್ತವೆ. ಹಿಡಿಯೋದೂ ಆಗಲೇ. ಜಂಪಿಂಗ್ ಚಿಕನ್ ಅಂತ ಹೆಸರಿಟ್ಟು ತಿನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಆದರೂ ಜೂನ್ ರಾತ್ರಿಗಳಲ್ಲಿ ಗದ್ದೆಬದುವಿನಲ್ಲಿ ಟಾರ್ಚ್ ಬೆಳಕು ಓಡಾಡುತ್ತೆ. ಮೊಟ್ಟೆಯಿಡೋಕೆ ಬಂದ ಜೀವವನ್ನು ಚೀಲಕ್ಕೆ ತುಂಬಿದರೆ ಮುಂದಿನ ವರ್ಷ ಕೂಗೋರು ಯಾರು? ನನಗೆ ನಿಜವಾಗಿ ಸಿಟ್ಟು ಬರುತ್ತೆ.

ನನ್ನ ತವರು ನರಗುಂದ. ಇದೇ ಮಹದಾಯಿ ನೀರಿಗಾಗಿ ಅಲ್ಲಿಯ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತಿದ್ದರು. ನದಿ ಹುಟ್ಟೋದು ನಮ್ಮ ಖಾನಾಪುರದ ಕಾಡಲ್ಲಿ, ಹರಿದು ಬರೋದು ಇತ್ತ ಕಡೆ. ಚಿಕ್ಕಂದಿನಲ್ಲಿ ನಾವು ಕೊಡ ಎಣಿಸಿ ನೀರು ಬಳಸಿದವರು. ತುಂಬಿದ ತೊಟ್ಟಿಯನ್ನು ಮುಟ್ಟದೆ ಕಪ್ಪೆಗೆ ಬಿಟ್ಟಿದ್ದೇನೆ ಅಂತ ಅವ್ವನಿಗೆ ಹೇಳೋಕೆ ಸ್ವಲ್ಪ ಹಿಂಜರಿಕೆಯೇ ಆಯಿತು. ಅವ್ವ ಫೋನಿನಲ್ಲಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ಮರಿ ಎಷ್ಟ ಅದಾವ?" ಅಂತ ಕೇಳಿದಳು.

ಅಂದಿನಿಂದ ಪ್ರತಿ ಭಾನುವಾರ ಲೆಕ್ಕ ಒಪ್ಪಿಸುತ್ತಿದ್ದೇನೆ. ಹಿಂಗಾಲು ಮೂಡಿದ್ದು, ನೀರುಹಾವು ಬಂದು ಒಂದಷ್ಟನ್ನು ತಿಂದಿದ್ದು, ಎಲ್ಲ ಅವ್ವನಿಗೆ ಗೊತ್ತು. ಹಾವನ್ನು ಓಡಿಸೋಣ ಅಂತ ನಮ್ಮನೆಯವರು ಕೋಲು ತಂದಿದ್ದರು. ಬೇಡ ಅಂದೆ. ಅದರ ಊಟ ಅದು.

ಈಗ ಆಗಸ್ಟ್ ಕೊನೆ. ನಿನ್ನೆ ರಾತ್ರಿ ತೊಟ್ಟಿಯ ಅಂಚಿನಲ್ಲಿ ಒಂಬತ್ತು ಮರಿ ಕೂತಿದ್ದವು. ಉಗುರಿನಷ್ಟು ಮೈ, ಹಿಂದೆ ಚೂರು ಬಾಲ ಇನ್ನೂ ಉಳಿದಿದೆ. ಚೌತಿಗೆ ಮಗ ಪುಣೆಯಿಂದ ಬರುತ್ತಾನೆ, ಮನೆಯೆಲ್ಲ ತೊಳೆಯಬೇಕು. ತೊಟ್ಟಿ ಮಾತ್ರ ಮುಟ್ಟಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ.