ಹತ್ತಡಿ ಹಾಲ್‌ನಲ್ಲಿ ಗೊಂಬೆ ಕೂರಿಸುವುದು

ನಮ್ಮ ಮನೆಯ ಹಾಲ್ ಹತ್ತಡಿ ಉದ್ದ, ಒಂಬತ್ತಡಿ ಅಗಲ. ಕಿಟಕಿಯ ಕೆಳಗೆ ನನ್ನ ಕೆಲಸದ ಮೇಜು. ಬಾಡಿಗೆ ಮನೆಯಾದ್ದರಿಂದ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಈ ಜಾಗದಲ್ಲೇ ಪ್ರತಿ ವರ್ಷ ದಸರಾ ಗೊಂಬೆ ಕೂರಿಸುತ್ತೇವೆ. ನೋಡಿದವರು "ಇಷ್ಟು ಜಾಗದಲ್ಲಿ ಹೇಗೆ ಮಾಡಿದ್ರಿ?" ಅಂತ ಕೇಳುತ್ತಾರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೊಂಬೆಗಳು ಅಮ್ಮನವು. ಮೈಸೂರಿನಲ್ಲಿ ನಾವಿದ್ದದ್ದು ಹಳೇ ಕಾಲದ ಮನೆ. ನಡುಮನೆಯಲ್ಲಿ ಒಂಬತ್ತು ಮೆಟ್ಟಿಲು ಕಟ್ಟಿದರೂ ಮಕ್ಕಳು ಓಡಾಡಲು ಜಾಗ ಉಳಿಯುತ್ತಿತ್ತು. ನಮ್ಮ ಕಡೆ ಪಟ್ಟದ ಗೊಂಬೆಯನ್ನು, ಅಂದರೆ ಮರದ ರಾಜ ರಾಣಿಯನ್ನು, ಮದುವೆಯಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟು ಕಳಿಸುತ್ತಾರೆ. ಅಮ್ಮನಿಗೆ ಇರುವವನು ನಾನೊಬ್ಬನೇ. "ನೀನೇ ತಗೊಂಡು ಹೋಗು. ಪೆಟ್ಟಿಗೆಯಲ್ಲೇ ಮಲಗಿಸಿ ಮಾತ್ರ ಇಡಬೇಡ" ಅಂದರು. ಒಂದು ಟ್ರಂಕು, ಅದರೊಳಗೆ ಅರವತ್ತು ಚಿಲ್ಲರೆ ಗೊಂಬೆ ಬೆಂಗಳೂರಿಗೆ ಬಂದವು.

2022ರಲ್ಲಿ ನಾನೊಂದು ತಪ್ಪು ಮಾಡಿದೆ. ಮಡಚುವ ಕಬ್ಬಿಣದ ಸ್ಟ್ಯಾಂಡು ತರಿಸಿದೆ. ಏಳು ಮೆಟ್ಟಿಲು, ಒಂದೊಂದು ಎಂಟು ಇಂಚು ಅಗಲ. ಅಂದರೆ ಗೋಡೆಯಿಂದ ನಾಲ್ಕೂವರೆ ಅಡಿಗೂ ಜಾಸ್ತಿ ಮುಂದಕ್ಕೆ ಬಂತು. ಅರವತ್ತೂ ಗೊಂಬೆ ಕೂತವು, ಫೋಟೋದಲ್ಲಿ ಚೆನ್ನಾಗಿಯೇ ಕಂಡವು. ಸಂಜೆ ಆರತಿಗೆ ಅಂತ ಅಕ್ಕಪಕ್ಕದ ಮನೆಯವರು ಬಂದರು. ಕೂರಲು ಜಾಗವಿಲ್ಲ. ಇಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉಸಲಿ ತಿಂದರು. ಇಕ್ಕಟ್ಟಿನಲ್ಲಿ ಒಂದು ಮಗುವಿನ ಮೊಣಕೈ ತಗುಲಿ ಅಂಗಡಿ ಶೆಟ್ಟರ ಗೊಂಬೆ ಕೆಳಗೆ ಬಿತ್ತು. ಮಣ್ಣಿನ ಬಲಗೈ ಮುರಿಯಿತು. ಆ ಮಗು ಅತ್ತದ್ದು ನನಗೆ ಇನ್ನೂ ನೆನಪಿದೆ. ಅದರದ್ದೇನು ತಪ್ಪು, ಅಲ್ವಾ?

ನನ್ನ ಹೆಂಡತಿ ಹುಬ್ಬಳ್ಳಿ ಕಡೆಯವಳು. ಅವರ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಅವರದು ಘಟ್ಟ ಹಾಕುವುದು (ಮಣ್ಣಿನಲ್ಲಿ ಕಾಳು ಬಿತ್ತಿ ನಡುವೆ ಮಡಕೆ ಇಡುವುದು), ದೀಪ, ಬನ್ನಿ. ಆ ರಾತ್ರಿ ಅವಳು ಒಂದೇ ಮಾತು ಕೇಳಿದಳು. "ಗೊಂಬಿಗೆಲ್ಲ ಜಾಗ ಆತು. ಬಂದೋರು ಎಲ್ಲಿ ಕುಂದ್ರಬೇಕ್ರೀ?"

ಮಾರನೇ ವರ್ಷದಿಂದ ಅಲ್ಲಿಂದಲೇ ಶುರುಮಾಡುತ್ತೇವೆ. ಮಹಾಲಯ ಅಮಾವಾಸ್ಯೆಯ ದಿನ ಮೊದಲು ಜಮಖಾನ ಹಾಸುತ್ತೇವೆ. ಎಂಟು ಜನ ಚಕ್ಕಳಮಕ್ಕಳ ಹಾಕಿ ಕೂರುವಷ್ಟು. ಅದರ ಅಂಚಿನಿಂದ ಆಚೆಗೆ ಉಳಿದದ್ದು ಮಾತ್ರ ಗೊಂಬೆಗಳಿಗೆ. ಗೊಂಬೆ ಹಬ್ಬ ಅಂದರೆ ಜನ ಬರುವುದು, ಕೂರುವುದು, ಮಕ್ಕಳು ಬಾಗಿಲಲ್ಲಿ ನಿಂತು ಗೊಂಬೆ ಬಾಗಿನ, ಅಂದರೆ ಹಂಚುವ ತಿಂಡಿ, ಕೇಳುವುದು. ಅವರಿಗೆ ನೆಲ ಬಿಡದೆ ಏನು ಅಲಂಕಾರ ಮಾಡಿದರೂ ಅದು ಪೂರ್ತಿಯಾಗುವುದಿಲ್ಲ.

ಸ್ಟ್ಯಾಂಡನ್ನು ಪರಿಚಯದ ದೊಡ್ಡ ಮನೆಯವರಿಗೆ ಕೊಟ್ಟೆವು. ಈಗ ನಮ್ಮದು ಮೂರೇ ಮೆಟ್ಟಿಲು. ಮೆಟ್ಟಿಲು ಬೆಸವಾಗಿರಬೇಕು ಅನ್ನುವುದು ಪದ್ಧತಿ, ಮೂರೂ ಬೆಸವೇ. ಅಮ್ಮನನ್ನು ಕೇಳಿಯೇ ಮಾಡಿದ್ದು. ನನ್ನ ಮೇಜು ಹೇಗೂ ಗೋಡೆಗೆ ಒತ್ತಿಕೊಂಡಿದೆ, ಅದು ನಡುವಿನ ಮೆಟ್ಟಿಲು. ಮೇಜಿನ ಹಿಂಭಾಗದಲ್ಲಿ ನಾಲ್ಕು ಇಟ್ಟಿಗೆ, ಅದರ ಮೇಲೊಂದು ಹಲಗೆ, ಅದು ಮೇಲಿನದು. ಗೊಂಬೆ ತುಂಬಿಡುವ ಟ್ರಂಕನ್ನೇ ಖಾಲಿ ಮಾಡಿ ಮೇಜಿನ ಮುಂದೆ ಇಡುತ್ತೇವೆ, ಅದು ಕೆಳಗಿನದು. ಹೊಸದಾಗಿ ಹೋಗುವ ನೆಲ ಒಂದೂವರೆ ಅಡಿ ಮಾತ್ರ. ಖಾಲಿ ಟ್ರಂಕು ಎಲ್ಲಿಡುವುದು ಅನ್ನುವ ತಲೆನೋವೂ ಇಲ್ಲ. ಎಲ್ಲದರ ಮೇಲೆ ಬಿಳಿ ಪಂಚೆ ಹೊದಿಸಿ ಗುಂಡುಪಿನ್ನು ಚುಚ್ಚಿದರೆ ಮೇಜು, ಟ್ರಂಕು ಯಾವುದೂ ಕಾಣುವುದಿಲ್ಲ. ಪಂಚೆಯ ಹಿಂದೆ ಮೇಜಿನ ಕೆಳಗೆ ನನ್ನ ಕಂಪ್ಯೂಟರು, ಮಗನ ಆಟದ ಸಾಮಾನು, ಹೆಚ್ಚಿನ ದಿಂಬು ಎಲ್ಲ ಹೋಗುತ್ತವೆ. ಹಬ್ಬದ ಹತ್ತು ದಿನ ಹಾಲ್ ನಿಜಕ್ಕೂ ಉಳಿದ ದಿನಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಚಪ್ಪಲಿ ಸ್ಟ್ಯಾಂಡು ಎತ್ತರಕ್ಕೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರು. ಅದು ಮಾತ್ರ ಬೇಡ. ಕಲಶ ಇಡುವ ಕಡೆ ಮನಸ್ಸು ಒಪ್ಪುವುದಿಲ್ಲ.

ಹಿನ್ನೆಲೆಗೆ ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆ, ಹಸಿರಿಗೆ ಜರಿ ಅಂಚು. ಪರದೆ ತೆಗೆದು ಅದೇ ಸರಳಿಗೆ ಇಳಿಬಿಡುತ್ತೇನೆ. ಮೊಳೆಯೇ ಬೇಕಿಲ್ಲ. ಹಗಲು ಕಿಟಕಿಯ ಬೆಳಕು ಹಿಂದಿನಿಂದ ಬಂದರೆ ಗೊಂಬೆಗಳ ಮುಖ ಕಪ್ಪಾಗಿ ಕಾಣುತ್ತದೆ. ಸೀರೆ ಅದನ್ನು ತಡೆಯುತ್ತದೆ. ಸೀರಿಯಲ್ ಸೆಟ್ ಹಳದಿ ಬೆಳಕಿನದೇ ತನ್ನಿ. ಮಿಣಮಿಣ ಅನ್ನುವ ಬಣ್ಣದ ದೀಪ ಚಿಕ್ಕ ಕೋಣೆಯಲ್ಲಿ ಕಣ್ಣಿಗೆ ಹಿಂಸೆ. ಸೆಟ್ಟನ್ನು ಹಲಗೆಯ ಅಡಿಯಲ್ಲಿ ಅಂಟಿಸಿ. ದೀಪ ಕಾಣಬಾರದು, ಕೆಳಗಿನ ಗೊಂಬೆಗಳ ಮೇಲೆ ಬೀಳುವ ಬೆಳಕು ಕಾಣಬೇಕು.

ಗೊಂಬೆಗಳ ವಿಷಯಕ್ಕೆ ಬಂದರೆ, ಒಂದು ಸಲಕ್ಕೆ ಮೂವತ್ತೈದು ಕೂರುತ್ತವೆ. ಉಳಿದವನ್ನು ಬಿಡಲು ಮೊದಲ ವರ್ಷ ಬಹಳ ಸಂಕಟವಾಯಿತು. ಈಗ ಪಟ್ಟದ ಗೊಂಬೆ, ಕಲಶ, ಮೇಲಿನ ಮೆಟ್ಟಿಲಿನ ದೇವರುಗಳು ಕದಲುವುದಿಲ್ಲ. ನಡುವಿನ ಮೆಟ್ಟಿಲು ಮೂರು ದಿನಕ್ಕೊಮ್ಮೆ ಬದಲಾಗುತ್ತದೆ. ಮೊದಲು ಮದುವೆ ಮನೆ, ಆಮೇಲೆ ದಶಾವತಾರ, ಕೊನೆಗೆ ಆನೆಗಳ ಜಂಬೂಸವಾರಿ. ಇದರಿಂದ ಇನ್ನೊಂದು ಒಳ್ಳೆಯದಾಯಿತು. ಮೇಲಿನ ಮಹಡಿಯ ಮಕ್ಕಳು "ಅಂಕಲ್, ಇವತ್ತು ಬದಲಾಯ್ತಾ?" ಅಂತ ದಿನಾ ಬರುತ್ತಾರೆ.

ಟ್ರಂಕಿನ ಮೆಟ್ಟಿಲು ಪೂರ್ತಿ ಮಕ್ಕಳದು. ಅಲ್ಲಿ ಚನ್ನಪಟ್ಟಣದ ಗೊಂಬೆ ಮಾತ್ರ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ್ದು, ಬಿದ್ದರೆ ಉರುಳುತ್ತದೆ ಅಷ್ಟೇ. ಮೈಸೂರಿಗೆ ಹೋಗಿ ಬರುವಾಗ ಪ್ರತಿ ಸಲ ಅಂಗೈ ಅಗಲದ ಒಂದು ತರುತ್ತೇವೆ. ಅದಕ್ಕಿಂತ ದೊಡ್ಡದು ಎಷ್ಟೇ ಚೆನ್ನಾಗಿದ್ದರೂ ತರುವುದಿಲ್ಲ. ಕೈ ಅಂಟಿಸಿಕೊಂಡ ಶೆಟ್ಟರು, ಅವರ ಮುಂದೆ ಬಟ್ಟಲಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲ, ಇವೆಲ್ಲ ಈಗ ನಡುವಿನ ಮೆಟ್ಟಿಲಿನ ಮೂಲೆಯಲ್ಲಿ. ಅತ್ತೆ ಒಂದು ಸಲ ಕೊಪ್ಪಳದ ಹತ್ತಿರದ ಕಿನ್ನಾಳದಿಂದ ಮರದ ಗೌರಿಯನ್ನು ತಂದುಕೊಟ್ಟರು. ಆ ಕೆಂಪು, ಆ ದೊಡ್ಡ ಕಣ್ಣು ನೋಡಿ ಅಮ್ಮ ತಾವೇ ಹೇಳಿದರು, "ಇವಳನ್ನ ಪಟ್ಟದ ಗೊಂಬೆ ಪಕ್ಕದಲ್ಲೇ ಕೂರಿಸು."

ನನಗೆ ಎಲ್ಲಕ್ಕಿಂತ ಇಷ್ಟ ಗೊಂಬೆಗಳ ಜೊತೆಗೆ ಮಾಡುವ ಪುಟ್ಟ ಪಾರ್ಕ್. ಚಿಕ್ಕಂದಿನಲ್ಲಿ ಅದು ನನ್ನ ಕೆಲಸವೇ ಆಗಿತ್ತು. ನೆಲದ ಮೇಲೆ ಮಣ್ಣು ಹಾಕಿ ಮಾಡುತ್ತಿದ್ದೆ. ಈಗ ತೆಂಗಿನ ಚಿಪ್ಪಿನಲ್ಲಿ ಮಾಡುತ್ತೇನೆ. ಹಬ್ಬಕ್ಕೆ ನಾಲ್ಕೈದು ದಿನ ಮೊದಲು ರಾಗಿಯನ್ನು ರಾತ್ರಿ ನೆನೆಸಿ, ಚಿಪ್ಪಿಗೆ ತೆಂಗಿನ ನಾರಿನ ಪುಡಿ ತುಂಬಿ, ಮೇಲೆ ಒತ್ತಾಗಿ ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಬಂದ ಮೇಲೆ ಬಟ್ಟೆ ತೆಗೆದು ಕಿಟಕಿಯಲ್ಲಿಡಿ. ನೀರು ಕೈಯಿಂದ ಚಿಮುಕಿಸಿದರೆ ಸಾಕು, ಸುರಿದರೆ ಕೊಳೆಯುತ್ತದೆ. ಪಾಡ್ಯದ ಹೊತ್ತಿಗೆ ಎಳೇ ಹಸಿರು ಹುಲ್ಲು ಸಿದ್ಧ. ಆರು ಚಿಪ್ಪುಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿ ನಡುವೆ ಕೈಗನ್ನಡಿ ಮಲಗಿಸಿದರೆ ಕೊಳವಾಯಿತು. ಅದರ ಮೇಲೆ ಎರಡು ಬಾತುಕೋಳಿ. ತಟ್ಟೆಯಾದ್ದರಿಂದ ಕಸ ಗುಡಿಸುವಾಗ ಎತ್ತಿಡಬಹುದು.

ಹೆಂಡತಿಯ ಘಟ್ಟವೂ ಪಕ್ಕದಲ್ಲೇ ಮೊಳೆಯುತ್ತದೆ. ಮಣ್ಣು ಹಾಕಿ ಕಾಳು ಬಿತ್ತಿ, ನಡುವೆ ತುಂಬಿದ ಮಡಕೆ. ಒಂಬತ್ತು ದಿನ ಆರದ ದೀಪವನ್ನು ಮಾತ್ರ ಹಾಲ್‌ನಲ್ಲಿ ಇಡುವುದಿಲ್ಲ. ಸೀರೆ, ಪಂಚೆ, ಮಕ್ಕಳು ಇರುವ ಕಡೆ ಎಣ್ಣೆ ದೀಪ ಬೇಡ. ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ, ಸುತ್ತ ಗಾಜಿನ ಚಿಮಣಿ ಇಟ್ಟು ಉರಿಸುತ್ತೇವೆ. ಬಾಗಿಲಿಗೆ ಮಾವಿನೆಲೆ, ಚೆಂಡು ಹೂವು. ರಂಗೋಲಿ ಪುಡಿ ಓಡಾಡುವ ಜಾಗದಲ್ಲಿ ಹರಡುತ್ತದೆ ಅಂತ ಹಳೇ ಮಣೆಯ ಮೇಲೆ ಅಕ್ಕಿಹಿಟ್ಟು ಕಲಸಿ ಬರೆಯುತ್ತಾಳೆ. ಒಣಗಿದ ಮೇಲೆ ಕದಲುವುದಿಲ್ಲ.

ಕಳೆದ ದಸರೆಗೆ ಅಮ್ಮ, ಅತ್ತೆ ಇಬ್ಬರೂ ಬಂದಿದ್ದರು. ಸರಸ್ವತಿ ಪೂಜೆಯ ಸಂಜೆ ಮಕ್ಕಳೂ ಸೇರಿ ಹನ್ನೊಂದು ಜನ ಕೂತಿದ್ದೆವು. ಅಮ್ಮ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಹಾಡು ಹೇಳಿದರು. ಅವರು ಕಾಲು ಚಾಚುವಷ್ಟು ಜಾಗ ನಮ್ಮ ಹಾಲ್‌ನಲ್ಲಿತ್ತು. ನನಗೆ ಅಷ್ಟು ಸಾಕಾಗಿತ್ತು.

ವಿಜಯದಶಮಿಯಂದು ಘಟ್ಟದ ಸಸಿ ಕಿವಿಗೆ ಸಿಕ್ಕಿಸಿಕೊಂಡು, ಬನ್ನಿ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದುಕೊಂಡೆವು. ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಮಾರನೇ ದಿನ ಒಂದೊಂದನ್ನೂ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ನಡುನಡುವೆ ಒಣಗಿದ ಬೇವಿನೆಲೆ ಹಾಕಿ ಟ್ರಂಕಿಗೆ ತುಂಬಿದೆ. ಭಾರದ ಮಣ್ಣಿನ ಗೊಂಬೆ ತಳಕ್ಕೆ, ಚನ್ನಪಟ್ಟಣದವು ನಡುವೆ. ರಾಜ ರಾಣಿ ಎಲ್ಲಕ್ಕಿಂತ ಮೇಲೆ. ಮುಂದಿನ ವರ್ಷ ಮೊದಲು ಕೂರಬೇಕಾದವರು ಅವರೇ ತಾನೆ.