ಕಲಬುರಗಿ ಉರುಸು, ಎರಡು ಫೋನು, ಒಂದು ಖಾನಾವಳಿ

ನಾವು ಹೆದರಿದ್ದು ಕಳ್ಳರಿಗೆ. ಅದಕ್ಕೇ ಹೊರಡುವ ಹಿಂದಿನ ದಿನ ದಾವಣಗೆರೆಯಲ್ಲಿ 250 ರೂಪಾಯಿ ಕೊಟ್ಟು ಸೊಂಟಕ್ಕೆ ಕಟ್ಟುವ ಕಪ್ಪು ರೆಕ್ಸಿನ್ ಚೀಲ ತಗೊಂಡೆ. ಎರಡು ಜಿಪ್ಪು, ಒಳಗೊಂದು ಕಳ್ಳ ಜೇಬು. ಫೋನು ಅದರಲ್ಲಿ, ಪವರ್ ಬ್ಯಾಂಕ್ ಅದರ ಪಕ್ಕದಲ್ಲಿ, ನಡುವೆ ವೈರು. ಯಾವ ಕಳ್ಳನೂ ಕೈ ಹಾಕಲಿಲ್ಲ. ಆದರೆ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಆ ಚೀಲ ನನ್ನ ಫೋನನ್ನು ಹಂಚಿನ ಮೇಲಿನ ರೊಟ್ಟಿ ಹಾಗೆ ಕಾಯಿಸಿತು.

ನನ್ನ ಬಾಮೈದನಿಗೆ ಕವ್ವಾಲಿ ಅಂದ್ರೆ ಹುಚ್ಚು. "ಭಾವ, ಈ ಸಲ ಬಂದೇ ನವಾಜರ ಉರುಸಿಗೆ ಹೋಗಲೇಬೇಕು" ಅಂತ ವರ್ಷದಿಂದ ಹಠ ಹಿಡಿದಿದ್ದ. ಹೋದೆವು. ಬಂದೇ ನವಾಜರು ಕಲಬುರಗಿ ದರ್ಗಾದ ಸೂಫಿ ಸಂತರು, ಉರುಸು ಅವರ ಪುಣ್ಯತಿಥಿಯ ಜಾತ್ರೆ. ಅದು ಬರುವುದು ಇಸ್ಲಾಮಿ ಪಂಚಾಂಗದ ಚಂದ್ರನ ಲೆಕ್ಕದಲ್ಲಿ, ಜುಲ್ಖಾದಾ ತಿಂಗಳ 15ರಿಂದ ಮೂರು ದಿನ. ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಅಂದ್ರೆ ಇನ್ನೂ ನಾಲ್ಕೈದು ವರ್ಷ ಅದು ಬೇಸಿಗೆಯಲ್ಲೇ. ಹೋಗುವವರು ಮೊದಲು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಬಸ್ಸಿನ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಖಾಸಗಿ ಸ್ಲೀಪರ್. ಬುಕ್ ಮಾಡುವಾಗ ಪ್ರತಿ ಬರ್ತಿಗೂ ಚಾರ್ಜಿಂಗ್ ಇದೆ ಅಂತ ಚಿತ್ರ ಸಮೇತ ಹಾಕಿದ್ದರು. ನಿಜ, ತೂತು ಇತ್ತು. ನನ್ನ ತೂತಿನಲ್ಲಿ ಯಾರೋ ಚೂಯಿಂಗ್ ಗಮ್ ಮೆತ್ತಿದ್ದರು. ಬಾಮೈದನ ತೂತಿನಲ್ಲಿ ಕರೆಂಟೇ ಇಲ್ಲ. ಕ್ಲೀನರ್ ಹುಡುಗನನ್ನು ಕೇಳಿದರೆ "ಗಾಡಿ ಚಾಲೂ ಆದ ಮ್ಯಾಲ ಬರ್ತದ್ರೀ" ಅಂದ. ಗಾಡಿ ಚಾಲೂ ಆಗಿ ಎರಡು ಗಂಟೆ ಆಗಿತ್ತು. ಮೇಲೆ ಎಸಿಯಿಂದ ತೊಟ್ಟಿಕ್ಕುವ ನೀರು ಸರಿಯಾಗಿ ದಿಂಬಿನ ಮೇಲೆ. ರಾತ್ರಿಯೆಲ್ಲಾ ಫೋನನ್ನು ಬನಿಯನ್ ಒಳಗೆ ಇಟ್ಟುಕೊಂಡು ಮಲಗಿದೆ. ಬೆಳಗಿನ ಜಾವ ರಾಮಮಂದಿರ ಸರ್ಕಲ್‌ನಲ್ಲಿ ಇಳಿದಾಗ ನನ್ನದು 22 ಪರ್ಸೆಂಟ್, ಅವನದು 30. ನಿಮ್ಮ ಊರಿನಿಂದ ರೈಲು ಇದ್ದರೆ ರೈಲಲ್ಲೇ ಹೋಗಿ. ಆದರೆ ಅಲ್ಲೂ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಪ್ಲಗ್ ಬಂದ್ ಮಾಡುವ ರೂಢಿ ಇದೆ. ಹತ್ತಿದ ಕೂಡಲೇ ಚಾರ್ಜಿಗೆ ಹಾಕಿ.

ಲಾಡ್ಜಿನದು ಇನ್ನೊಂದು. ಉರುಸಿನ ಮೂರು ದಿನ ಬಾಡಿಗೆ ಕೇಳಬಾರದು. ಬೇರೆ ದಿನ 700ಕ್ಕೆ ಕೊಡುವ ಕೋಣೆ ಅಂತ ರೂಂ ಬಾಯ್‌ನೇ ಹೇಳಿದ, ನಮಗೆ ಬಿದ್ದಿದ್ದು 1,800. ಇಡೀ ಕೋಣೆಗೆ ಒಂದೇ ಪ್ಲಗ್ಗು, ಅದೂ ಬಾಗಿಲ ಮೇಲೆ, ಸ್ಟೂಲ್ ಹತ್ತಿ ಚುಚ್ಚಬೇಕು. ಚಾರ್ಜರ್ ಸಡಿಲವಾಗಿ ನೇತಾಡುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ಕರೆಂಟೂ ಹೋಯಿತು. ಎಕ್ಸ್‌ಟೆನ್ಷನ್ ವೈರ್ ಒಂದು ತಗೊಂಡು ಹೋಗಿ. ತಮಾಷೆ ಅಲ್ಲ, ಬಟ್ಟೆ ಒಂದು ಜೊತೆ ಕಡಿಮೆ ಆದರೂ ಪರವಾಗಿಲ್ಲ.

ಹೀಗಾಗಿ ಜಾತ್ರೆ ಸಾಲಿನ ಚಾರ್ಜಿಂಗ್ ಟೇಬಲ್ಲಿಗೆ ಗತಿ ಬಂತು. ಗಂಟೆಗೆ 50 ರೂಪಾಯಿ. ಪ್ಲಾಸ್ಟಿಕ್ ಟ್ರೇಯಲ್ಲಿ ಮೂವತ್ತು ಫೋನು ಮಲಗಿಸಿದ್ದರು, ಎಲ್ಲಕ್ಕೂ ನಂಬರ್ ಚೀಟಿ. ಎರಡು ಗಂಟೆ ಬಿಟ್ಟು ಹೋದರೆ ನನ್ನದು 31 ಆಗಿತ್ತು. ನೂರು ರೂಪಾಯಿಗೆ ಒಂಬತ್ತು ಪರ್ಸೆಂಟ್! ಜಗಳ ಆಡಿದೆ, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಯೋಚಿಸಿದರೆ ತಪ್ಪು ಪೂರ್ತಿ ಟೇಬಲ್ಲಿನವನದೂ ಅಲ್ಲ. ಟ್ರೇ ಇದ್ದಿದ್ದು ತಗಡಿನ ಚಾವಣಿ ಕೆಳಗೆ. ಫೋನ್ ಕಾದರೆ ಬ್ಯಾಟರಿ ಉಳಿಸಿಕೊಳ್ಳಲು ತಾನೇ ಚಾರ್ಜ್ ನಿಧಾನ ಮಾಡುತ್ತದೆ, ಇಲ್ಲಾ ನಿಲ್ಲಿಸುತ್ತದೆ. ಐಫೋನಿನವರು ಬಳಸಲು ಹೇಳಿರುವ ಮಿತಿಯೇ 35 ಡಿಗ್ರಿ. ಆ ದಿನ ಊರಲ್ಲಿ ನೆರಳಲ್ಲೂ 40 ದಾಟಿತ್ತು.

ಆ ಬಿಸಿಲಲ್ಲಿ ಫೋನ್ ಏನೇನು ಮಾಡುತ್ತದೆ ಅಂತ ನೋಡಿದವನು ನಾನು. ಮೊದಲು ಪರದೆಯ ಬೆಳಕು ತಾನಾಗೇ ಇಳಿಯಿತು. ಬಿಸಿಲಿಗೆ ಹಿಡಿದರೆ ನನ್ನ ಮುಖ ಬಿಟ್ಟು ಬೇರೇನೂ ಕಾಣದು. ಆಮೇಲೆ ಸಿಗ್ನಲ್ ಕಡ್ಡಿ ಎರಡಕ್ಕೆ ಬಂತು. ಫ್ಲಾಶ್ ಬಂದ್. ಕೊನೆಗೆ ಥರ್ಮಾಮೀಟರ್ ಚಿತ್ರ ಬಂದು ಕಪ್ಪಾಗಿ ಕೂತಿತು. ಪಕ್ಕದ ಶರಬತ್ತಿನ ಹುಡುಗ "ಬರ್ಫದ ಮ್ಯಾಲ ಇಡ್ರಿ ಅಣ್ಣಾ, ಥಂಡ ಆಗ್ತದ" ಅಂದ. ಇಡಬೇಡಿ. ದಿಢೀರ್ ತಣ್ಣಗಾದರೆ ಒಳಗೆ ನೀರಿನ ಹನಿ ಕಟ್ಟುತ್ತದೆ, ಆಮೇಲೆ ರಿಪೇರಿ ಅಂಗಡಿಯೇ ಗತಿ. ಕವರ್ ಬಿಚ್ಚಿ, ವೈರ್ ಕಿತ್ತು, ಏರೋಪ್ಲೇನ್ ಮೋಡ್ ಹಾಕಿ ನೆರಳಲ್ಲಿ ಬಿಟ್ಟರೆ ಸಾಕು. ಇಪ್ಪತ್ತು ನಿಮಿಷ ಬೇಕು. ಚೀಲದೊಳಗೆ ಪವರ್ ಬ್ಯಾಂಕ್ ಜೊತೆ ಕಟ್ಟಿ ಇಡುವುದು ನನ್ನಂಥ ಬುದ್ಧಿವಂತರ ಕೆಲಸ. ಚಾರ್ಜ್ ಮಾಡುವುದಿದ್ದರೆ ಬೆಳಿಗ್ಗೆ ಎಂಟರೊಳಗೆ, ಇಲ್ಲಾ ಹೊತ್ತು ಮುಳುಗಿದ ಮೇಲೆ.

ಈಗ ಖಾನಾವಳಿ. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಮೂರು ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಬೋರ್ಡ್ ಇಲ್ಲ, ರೊಟ್ಟಿ ಬಡಿಯುವ ಸದ್ದೇ ಬೋರ್ಡು. ಊಟಕ್ಕೆ 80 ರೂಪಾಯಿ. ಬಿಸಿ ಜೋಳದ ರೊಟ್ಟಿ ಬೇಕಾದಷ್ಟು, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕೈಯಲ್ಲಿ ಗುದ್ದಿದ ಉಳ್ಳಾಗಡ್ಡಿ. ಕೊನೆಗೆ ಅನ್ನದ ಮೇಲೆ ಬ್ಯಾಳಿ ಸಾರು. ಕಲಬುರಗಿ ತೊಗರಿಗೆ 2019ರಲ್ಲಿ ಈ ಊರಿನದೇ ವಿಶೇಷ ಅನ್ನುವ ಜಿಐ ಟ್ಯಾಗ್ ಸಿಕ್ಕಾಗ ಪೇಪರಿನಲ್ಲಿ ಓದಿ ಸುಮ್ನೆ ಇದ್ದೆ. ಆ ಸಾರು ಉಂಡ ಮೇಲೆ ಯಾಕೆ ಅಂತ ಗೊತ್ತಾಯಿತು. ಪುಂಡಿ ಪಲ್ಯದ ಹುಳಿ ನಾಲಿಗೆಯ ಎರಡೂ ಬದಿ ಹಿಡಿಯುತ್ತದೆ, ಆಗ ಒಂದು ತುತ್ತು ಹಿಂಡಿ ಮೊಸರು. ನಾನು ಐದು ರೊಟ್ಟಿ ತಿಂದೆ. ಮನೆಯಲ್ಲಿ ಎರಡಕ್ಕೆ ಕೈ ತೊಳೆಯುವವನು.

ದುಡ್ಡು ಕೊಡುವಾಗ ತಕರಾರು. ನನ್ನ ಫೋನ್ ಸುಸ್ತಾಗಿತ್ತು, ಬಾಮೈದ 160 ಹಾಕಿದ. ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಅಷ್ಟು ಜನ ಒಂದೇ ಟವರಿಗೆ ಮುಗಿಬಿದ್ದರೆ ಆಗುವುದೇ ಅದು. ಖಾನಾವಳಿ ಅಕ್ಕನೋರು ಗಲ್ಲಾದ ಮೇಲಿನ ಸೌಂಡ್ ಬಾಕ್ಸನ್ನು ಒಂದು ಸಲ ತಟ್ಟಿ ನೋಡಿ, "ಡಬ್ಬಿ ಮಾತಾಡವಲ್ದು ರೀ. ಕೈಯಾಗಿನ ರೊಕ್ಕ ಕೊಡ್ರಿ" ಅಂದರು. ಕೊಟ್ಟೆವು. ನಮ್ಮ ಹತ್ತಿರ ಇದ್ದ ನಗದು ಒಟ್ಟು 400. ಎರಡು ಸಾವಿರ ಆದರೂ ಚಿಲ್ಲರೆ ಮಾಡಿಸಿ ಎರಡು ಕಡೆ ಇಟ್ಟುಕೊಂಡಿರಿ. ಯುಪಿಐ ಲೈಟ್‌ನಲ್ಲಿ ಸ್ವಲ್ಪ ಹಾಕಿಟ್ಟರೆ ಸಣ್ಣ ಖರ್ಚು ಬೇಗ ಮುಗಿಯುತ್ತದೆ, ಬ್ಯಾಂಕಿನ ಸರ್ವರಿಗೆ ಕಾಯಬೇಕಿಲ್ಲ. ಒಂದು ಸಲಕ್ಕೆ 1,000, ಒಟ್ಟು 5,000 ಮಿತಿ. ಆದರೆ ಅದಕ್ಕೆ ಪಿನ್ ಇಲ್ಲ, ತೆರೆದ ಫೋನ್ ಯಾರ ಕೈಗೆ ಸಿಕ್ಕರೂ ಖರ್ಚು ಮಾಡಬಹುದು. ಹಬ್ಬಕ್ಕೆ ಬೇಕಾದಷ್ಟೇ ಹಾಕಿ.

ಸಂಜೆ ಸಂದಲ್, ಅಂದ್ರೆ ಗಂಧದ ಮೆರವಣಿಗೆ. ಮೆಹಬೂಬ್ ಗುಲ್ಶನ್ ಗಾರ್ಡನ್‌ನಿಂದ ಹೊರಟು ದರ್ಗಾಕ್ಕೆ ಬರುತ್ತದೆ. ಜನ ಅಂದ್ರೆ ಜನ. ನನಗೆ ಗದ್ದಲ ಆಗದು, ಒಂದು ಅಂಗಡಿ ಕಟ್ಟೆ ಹತ್ತಿ ನಿಂತೆ. ಬಾಮೈದ ಒಳಗೆ ನುಗ್ಗಿದ. ನನ್ನ ಕ್ಯಾಮೆರಾ ಚೆನ್ನಾಗಿದೆ ಅಂತ ನನ್ನ ಫೋನನ್ನೇ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದ. ಅವನ ಫೋನು ಪ್ಯಾಂಟಿನ ಹಿಂದಿನ ಜೇಬಲ್ಲಿ. ಇನ್ನು ಹೇಳುವುದೇನಿದೆ, ಅಲ್ವಾ?

ಗೊತ್ತಾಗಿದ್ದು ಅರ್ಧ ಗಂಟೆ ಬಿಟ್ಟು. ನನ್ನದರಿಂದ ಕರೆ ಮಾಡಿದೆವು. ಎರಡು ರಿಂಗ್, ಆಮೇಲೆ ಸ್ವಿಚ್ ಆಫ್. ಅಷ್ಟರಲ್ಲಿ ನನ್ನದೂ 3 ಪರ್ಸೆಂಟಿಗೆ ಬಂದು ಸತ್ತಿತು. ಪವರ್ ಬ್ಯಾಂಕ್ ಮಧ್ಯಾಹ್ನವೇ ಖಾಲಿ. ಯಾರ ನಂಬರ್ ಬಾಯಿಗೆ ಬರುತ್ತದೆ ಅಂತ ಕೇಳಿದರೆ ಅವನಿಗೆ ನೆನಪಿದ್ದಿದ್ದು ಒಂದೇ, ಎಷ್ಟೋ ವರ್ಷದ ಹಿಂದೆ ಕಿತ್ತು ಹಾಕಿದ ಅವರ ಮನೆಯ ಲ್ಯಾಂಡ್‌ಲೈನ್. ನನಗೆ ಹೆಂಡತಿಯದು ಬರುತ್ತಿತ್ತು, ದೇವರ ದಯೆ.

ಹೋಗಿದ್ದು ಮತ್ತೆ ಖಾನಾವಳಿಗೇ. ಅಕ್ಕನೋರು ಸೆರಗಿಗೆ ಕೈ ಒರೆಸಿಕೊಂಡು ತಮ್ಮ ಬಟನ್ ಫೋನ್ ಕೊಟ್ಟರು. ಮೂರನೇ ಸಲಕ್ಕೆ ಲೈನ್ ಸಿಕ್ಕಿತು. ಅದರಿಂದಲೇ ಬ್ಯಾಂಕಿಗೂ ಮಾಡಿ ಯುಪಿಐ, ಕಾರ್ಡ್ ಎರಡೂ ನಿಲ್ಲಿಸಿದೆವು. ಮೊದಲು ಮಾಡಬೇಕಾದ ಕೆಲಸ ಇದು. ಆಮೇಲೆ ಸಿಮ್ ಬಂದ್. ಕಳ್ಳ ಫೋನನ್ನೇ ತೆರೆಯಬೇಕಿಲ್ಲ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಎಲ್ಲಾ ಅವನಿಗೇ. ಇದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಇರುವುದು, ಸಿಮ್ ಬೇರೆ ಫೋನಿಗೆ ಹಾಕಿದರೂ ಪಿನ್ ಕೇಳುತ್ತದೆ. ನಿಮ್ಮ ಕಂಪನಿಯ ಮೂಲ ಪಿನ್ ಕೇಳಿಕೊಂಡು ಮನೆಯಲ್ಲೇ ಹಾಕಿಸಿ. ಊಹೆ ಮಾಡಿ ಹಾಕಬೇಡಿ, ಮೂರು ಸಲ ತಪ್ಪಿದರೆ ಪಿಯುಕೆ ಅನ್ನುವ ಬೇರೆ ಕೋಡ್ ಕೇಳುತ್ತದೆ.

ಮನೆಯಲ್ಲಿ ನನ್ನ ಹೆಂಡತಿ ಬಾಮೈದನ ಗೂಗಲ್ ಖಾತೆಗೆ ಲಾಗಿನ್ ಆಗಿ ಫೋನ್ ಹುಡುಕಲು ನೋಡಿದಳು. ಗೂಗಲ್ ಏನು ಕೇಳಿತು ಗೊತ್ತಾ? "ನಿಮ್ಮ ಫೋನಿಗೆ ಕಳಿಸಿದ ಕೋಡ್ ಹಾಕಿ." ಇದಕ್ಕೆ ಮದ್ದು ಇದೆ. ಗೂಗಲ್ ಖಾತೆಯಲ್ಲಿ ಬ್ಯಾಕಪ್ ಕೋಡ್ ಅಂತ ಹತ್ತು ಕೋಡ್ ಕೊಡುತ್ತಾರೆ. ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ. ಆಂಡ್ರಾಯ್ಡ್‌ನಲ್ಲಿ ರಿಮೋಟ್ ಲಾಕ್ ಅನ್ನುವುದನ್ನು ಮೊದಲೇ ಆನ್ ಮಾಡಿಟ್ಟರೆ ಬೇರೆಯವರ ಫೋನಿನಿಂದ ನಿಮ್ಮ ನಂಬರ್ ಹಾಕಿಯೇ ಬೀಗ ಜಡಿಯಬಹುದು. ಐಫೋನಿನವರಿಗೂ ಕದ್ದ ಫೋನಿನ ರಕ್ಷಣೆ ಅಂತ ಒಂದು ಸ್ವಿಚ್ ಇದೆ, 2024ರಲ್ಲಿ ಬಂದಿದ್ದು.

ಠಾಣೆಯಲ್ಲಿ ದೂರು ತಗೊಂಡು ಪ್ರತಿ ಕೊಟ್ಟರು. ಐಎಂಇಐ, ಅಂದ್ರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರ್ ಕೇಳಿದರು. ಅದು ಫೋನಿನ ಡಬ್ಬದ ಮೇಲೆ, ಡಬ್ಬ ದಾವಣಗೆರೆಯ ಅಟ್ಟದ ಮೇಲೆ. ನೀವು ಈಗಲೇ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ, 15 ಅಂಕಿ ಬರುತ್ತದೆ, ಎರಡು ಸಿಮ್ ಇದ್ದರೆ ಎರಡು ಸಾಲು. ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ. ಡೂಪ್ಲಿಕೇಟ್ ಸಿಮ್ ತಗೊಂಡ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ವೆಬ್‌ಸೈಟಿನಲ್ಲಿ ಆ ನಂಬರ್, ದೂರಿನ ಪ್ರತಿ ಹಾಕಿದರೆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದ ಹಾಗೆ ಬ್ಲಾಕ್ ಮಾಡುತ್ತಾರೆ. ಸಿಮ್ ಮೊದಲು, ಯಾಕಂದ್ರೆ ಅಲ್ಲೂ ಒಟಿಪಿ. ಖಾತೆಯಿಂದ ದುಡ್ಡು ಹೋಗಿದ್ದರೆ ಮಾತ್ರ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮ್ಮದು ಹೋಗಿರಲಿಲ್ಲ. ಫೋನು ಇನ್ನೂ ಸಿಕ್ಕಿಲ್ಲ.

ಠಾಣೆಯಿಂದ ಬಂದು ಹತ್ತೂವರೆಗೆ ಅದೇ ಮೂಲೆಯಲ್ಲಿ ಊಟಕ್ಕೆ ಕೂತಿದ್ದೆವು. ಜನ ಕರಗಿದ್ದರು. ಬಾಮೈದ ರೊಟ್ಟಿ ಮುರಿದು ಸುಮ್ನೆ ಹಿಡಿದುಕೊಂಡಿದ್ದ. ಇದ್ದಕ್ಕಿದ್ದಂತೆ ಗಲ್ಲಾದ ಮೇಲಿನ ಡಬ್ಬಿ ಬಾಯಿ ಬಿಟ್ಟಿತು: ನೂರಾ ಅರವತ್ತು ರೂಪಾಯಿ ಬಂದಿದೆ ಅಂತ. ಅಕ್ಕನೋರು ಒಲೆ ಮುಂದಿನಿಂದಲೇ ತಿರುಗಿ, "ನೋಡ್ರಿ, ಈಗ ಮಾತಾಡ್ತು. ಮಧ್ಯಾಹ್ನ ನೀವು ಕೈಯಾಗ ಕೊಟ್ಟಿದ್ದು ಈಗಿನ ಊಟಕ್ಕ ಜಮಾ. ಉಣ್ಣು ತಮ್ಮಾ, ಫೋನ್ ಹೋದ್ರ ಹೊಟ್ಟಿಗ್ಯಾಕ ಸಿಟ್ಟು" ಅಂದರು. ಅವನು ಆಮೇಲೆ ನಾಲ್ಕು ರೊಟ್ಟಿ ತಿಂದ.

ಮರುದಿನದ ಬಗ್ಗೆ ಜಾಸ್ತಿ ಇಲ್ಲ. ಒಂದು ಮಾತ್ರ: ದರ್ಗಾದ ಗುಂಪಿನಲ್ಲಿ ಯಾರೋ ಪನ್ನೀರು ಚಿಮುಕಿಸಿದರು, ಅದು ನನ್ನ ಚಾರ್ಜಿಂಗ್ ತೂತಿಗೆ ಬಿದ್ದು ತೇವ ಇದೆ ಅಂತ ಫೋನ್ ಎಚ್ಚರಿಸಿತು. ತೂತು ಕೆಳಗೆ ಮಾಡಿ ಹಿಡಿದು ಮೆಲ್ಲಗೆ ತಟ್ಟಿ, ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಪಿನ್ನು, ಬತ್ತಿ ಏನನ್ನೂ ತುರುಕಬೇಡಿ.

ಕವ್ವಾಲಿ ರೆಕಾರ್ಡ್ ಮಾಡುವ ಆಸೆ ಇರುವವರಿಗೆ ಕೊನೆಯದೊಂದು. ಎದುರಿನ ಸಾಲಿಗೆ ನುಗ್ಗಿ, ಆಳೆತ್ತರದ ಸ್ಪೀಕರ್ ಪಕ್ಕ ನಿಂತು ಮೂರು ವಿಡಿಯೊ ಮಾಡಿದೆ. ಮೂರರಲ್ಲೂ ಹಾರ್ಮೋನಿಯಂ ಇಲ್ಲ, ಢೋಲಕ್ ಇಲ್ಲ, ಬರೀ ಹರಿದ ತಗಡಿನ ಸದ್ದು. ಅಷ್ಟು ಜೋರು ದನಿ ಫೋನಿನ ಮೈಕಿಗೆ ಹಿಡಿಸುವುದಿಲ್ಲ. ಬೇಜಾರಾಗಿ ಹಿಂದೆ ಚಹಾ ಅಂಗಡಿಗೆ ಬಂದು, ಗ್ಲಾಸಿಗೆ ಫೋನ್ ಒರಗಿಸಿ ಸುಮ್ನೆ ಒತ್ತಿದ್ದೆ. ಅದೊಂದೇ ಚೆನ್ನಾಗಿ ಬಂದಿದೆ. ಚಪ್ಪಾಳೆ, ದನಿ ಎಲ್ಲಾ ಬಿಡಿಬಿಡಿಯಾಗಿ ಕೇಳುತ್ತದೆ. ನಡುವೆ ಎರಡು ಸಲ ಚಮಚದ ಸದ್ದು, ಒಂದು ಸಲ "ಸಕ್ಕರಿ ಕಮ್ಮಿ ಏನ್ರೀ?"